ಗೂಟ ಕಿತ್ತು ಹೊರಡುವವರ ದೇವರು

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ಪೆನ್ಸಿಲ್ ಹಿಡಿದು ಓದುವುದು ನನ್ನ ಹಳೆಯ ಅಭ್ಯಾಸ. ಮೊದಮೊದಲು ನಾನು ಗೆರೆ ಎಳೆಯುತ್ತಿದ್ದುದು ದೊಡ್ಡ ಮಾತುಗಳ ಕೆಳಗೆ ಮಾತ್ರ: ದೇವರು ಅಬ್ರಹಾಮನಿಗೆ ಕೊಟ್ಟ ವಾಗ್ದಾನ, ಆಕಾಶದ ನಕ್ಷತ್ರಗಳಷ್ಟು ಸಂತಾನ, ಮೊರೀಯ ಸೀಮೆಯ ಬೆಟ್ಟದಲ್ಲಿ ಮಗನ ಮೇಲೆ ಎತ್ತಿದ ಕತ್ತಿ. ಕೆಲವು ವರ್ಷಗಳ ಹಿಂದೆ ಬೇಸರಕ್ಕೋ ಕುತೂಹಲಕ್ಕೋ, ಈ ಸಲ ಕೈಯಿಂದ ಮಾಡಿದ ಕೆಲಸಗಳಿಗೆ ಮಾತ್ರ ಗೆರೆ ಎಳೆಯೋಣವೆಂದುಕೊಂಡೆ: ಹಿಟ್ಟು ನಾದಿದ್ದು, ನೀರು ಸೇದಿದ್ದು, ಗುಡಾರ ಹಾಕಿದ್ದು, ಕಲ್ಲು ನಿಲ್ಲಿಸಿದ್ದು, ಸತ್ತವರನ್ನು ಹೂಳಿದ್ದು. 12ನೆಯ ಅಧ್ಯಾಯದಿಂದ 35ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪುಟಗಳ ತುಂಬ ಗೆರೆಗಳಾಗಿದ್ದವು. ದೇವರ ಹೆಸರು ಬರುವ ಕಡೆಗಳಲ್ಲಿಯೇ ಅವು ಹೆಚ್ಚು ದಟ್ಟವಾಗಿದ್ದವು. ಅಬ್ರಹಾಮನ ಆ ಅಲೆಮಾರಿ ಕುಟುಂಬದ ಭಕ್ತಿಗೆ ಬೇರೆ ಹೊತ್ತಾಗಲಿ, ಬೇರೆ ಜಾಗವಾಗಲಿ, ಬೇರೆ ಕೈಗಳಾಗಲಿ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಆಗ.

ಅವರ ಪ್ರಯಾಣವನ್ನು ಹೇಳುವಾಗ ಹೀಬ್ರೂ ಮೂಲವು ಬಳಸುವ ಒಂದು ಕ್ರಿಯಾಪದ 'ನಾಸ'. ಅದರ ಮೂಲಾರ್ಥ ಕೀಳುವುದು, ಅಂದರೆ ಗುಡಾರದ ಗೂಟವನ್ನು ನೆಲದಿಂದ ಕೀಳುವುದು. ಹೊರಡುವುದೆಂದರೆ ಅವರಿಗೆ ಮೊದಲು ಗೂಟ ಕೀಳುವ ಕೆಲಸ. ಕಸ್ದೀಯರ ಊರ್ ಪಟ್ಟಣವನ್ನು ಬಿಟ್ಟ ಕುಟುಂಬ ಹಾರಾನಿನಲ್ಲಿ ನಿಂತಿತು. ಅಲ್ಲಿಂದ 75ನೆಯ ವಯಸ್ಸಿನಲ್ಲಿ ಅಬ್ರಹಾಮನು ಹೆಂಡತಿ ಸಾರಾಳನ್ನೂ ತಮ್ಮನ ಮಗ ಲೋಟನನ್ನೂ ಕರೆದುಕೊಂಡು ಕಾನಾನಿಗೆ ಬಂದನು. ಅವನು ಹೋದಲ್ಲೆಲ್ಲ ದೇವಾಲಯ ಸಿಗಲಿಲ್ಲ, ಅವನು ಕಟ್ಟಲೂ ಇಲ್ಲ. ಈ ಕಥೆಗಳಲ್ಲಿ ಆ ಮನೆತನಕ್ಕೆ ಪುರೋಹಿತನಿಲ್ಲ, ವರ್ಷದ ಹಬ್ಬಗಳಿಲ್ಲ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಆಚರಣೆಯೂ ಇಲ್ಲ. ಇರುವುದು ಶೆಕೆಮಿನ ಮೋರೆ ಎಂಬಲ್ಲಿನ ಮರದ ಹತ್ತಿರ ಒಂದು ಯಜ್ಞವೇದಿ, ಬೇತೇಲಿಗೂ ಆಯಿಗೂ ನಡುವೆ ಇನ್ನೊಂದು, ಹೆಬ್ರೋನಿನ ಮಮ್ರೆಯಲ್ಲಿ ಮತ್ತೊಂದು. ಈ ಮೂರೂ ಕಡೆ ಅವನು ವೇದಿಯನ್ನು ಕಟ್ಟಿದನೆಂದು ಹೇಳುವ ಗ್ರಂಥ ಅದರ ಮೇಲೆ ಏನನ್ನು ಬಲಿ ಕೊಟ್ಟನೆಂದು ಹೇಳುವುದಿಲ್ಲ. ಎರಡನೆಯದರ ಬಳಿ ದೇವರ ಹೆಸರು ಹಿಡಿದು ಆರಾಧಿಸಿದನೆಂದಷ್ಟೇ ಇದೆ. ಆಮೇಲೆ ಗೂಟ ಕಿತ್ತರು, ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೊರಟರು. ಹೊತ್ತುಕೊಂಡು ಹೋಗಬೇಕಾದ ವಸ್ತುಗಳ ಪಟ್ಟಿಯಲ್ಲಿ ಯಜ್ಞವೇದಿ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದೆ ಹೋಗುವುದು ಪ್ರಾಮಾಣಿಕತೆ. ಈ ಕಥೆಗಳು ತಾವು ಹೇಳುವ ಕಾಲಕ್ಕಿಂತ ಎಷ್ಟೋ ಶತಮಾನಗಳ ನಂತರ ಬರಹಕ್ಕಿಳಿದವು. ಕಥೆಯಲ್ಲಿ ಧಾರಾಳವಾಗಿ ಓಡಾಡುವ ಒಂಟೆಗಳನ್ನೇ ನೋಡಿ: ಆರಾಬಾ ಕಣಿವೆಯ ಪ್ರಾಚೀನ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳನ್ನು ಪರಿಶೀಲಿಸಿದ ಪುರಾತತ್ವಜ್ಞರು, ಆ ಪ್ರದೇಶದಲ್ಲಿ ಸಾಕಿದ ಒಂಟೆಗಳ ಬಳಕೆ ಕ್ರಿಸ್ತಪೂರ್ವ 10ನೆಯ ಶತಮಾನದ ಕೊನೆಯ ಭಾಗಕ್ಕಿಂತ ಹಿಂದಕ್ಕೆ ಹೋಗುವುದಿಲ್ಲವೆನ್ನುತ್ತಾರೆ. ಅಬ್ರಹಾಮನ ಕಾಲವನ್ನು ಸಂಪ್ರದಾಯವು ಅದಕ್ಕಿಂತ ಬಹಳ ಹಿಂದೆ ಇಡುತ್ತದೆ. ಹಾಗೆಂದು ಈ ಬದುಕೇ ಕಲ್ಪನೆಯೆಂದು ತಳ್ಳಿಹಾಕಲಾಗದು. ಯೂಫ್ರೆಟಿಸ್ ದಡದ ಮಾರಿ ನಗರದಲ್ಲಿ ಸಿಕ್ಕ, ಕ್ರಿಸ್ತಪೂರ್ವ 18ನೆಯ ಶತಮಾನದ ಮಣ್ಣಿನ ಹಲಗೆಯ ಪತ್ರಗಳು ಊರುಗಳ ಸುತ್ತಮುತ್ತ ಕುರಿ ಮೇಯಿಸುತ್ತ ಅಲೆಯುವ ಕುಲಗಳ ಬಗ್ಗೆ ಮತ್ತೆ ಮತ್ತೆ ಮಾತಾಡುತ್ತವೆ. ಈಜಿಪ್ಟಿನ ಬೆನಿ ಹಸನ್ ಎಂಬಲ್ಲಿ, ಎರಡನೆಯ ಖ್ನುಮ್‌ಹೋಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಬಣ್ಣಬಣ್ಣದ ಪಟ್ಟೆಯ ಬಟ್ಟೆ ತೊಟ್ಟ ಗಂಡಸರು, ಹೆಂಗಸರು, ಕತ್ತೆಯ ಮೇಲೆ ಕೂತ ಮಕ್ಕಳು ಪೂರ್ವದಿಂದ ಬರುತ್ತಿರುವ ಚಿತ್ರವಿದೆ. ಅದು ಕ್ರಿಸ್ತಪೂರ್ವ 1900ರ ಆಸುಪಾಸಿನದು. ಅಬ್ರಹಾಮನೆಂಬ ಒಬ್ಬ ವ್ಯಕ್ತಿ ಇದ್ದನೇ ಎಂಬ ಪ್ರಶ್ನೆಯನ್ನು ನಾನು ವಿದ್ವಾಂಸರಿಗೆ ಬಿಡುತ್ತೇನೆ. ಕಥೆ ಹೇಳಿದವರಿಗೆ ಗುಡಾರದ ಬದುಕು ಚೆನ್ನಾಗಿ ಗೊತ್ತಿತ್ತೆಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ಅದು ಎಷ್ಟು ಚೆನ್ನಾಗಿ ಗೊತ್ತಿತ್ತೆಂಬುದಕ್ಕೆ 18ನೆಯ ಅಧ್ಯಾಯವೇ ಸಾಕ್ಷಿ. ಮಮ್ರೆಯ ಮರಗಳ ಬಳಿ, ಬಿಸಿಲೇರಿದ ಹೊತ್ತಿನಲ್ಲಿ ಮುದುಕನು ಗುಡಾರದ ಬಾಗಿಲಲ್ಲಿ ಕುಳಿತಿದ್ದಾನೆ. ತಲೆಯೆತ್ತಿದರೆ ಎದುರಿಗೆ ಮೂವರು ಅಪರಿಚಿತರು. ಅವನು ಅವರ ಕಡೆಗೆ ಓಡುತ್ತಾನೆ, ನೆಲಕ್ಕೆ ಬಾಗುತ್ತಾನೆ, ಕಾಲು ತೊಳೆದುಕೊಳ್ಳಲು ಸ್ವಲ್ಪ ನೀರು ತರಿಸುತ್ತೇನೆ, ಒಂದು ತುತ್ತು ರೊಟ್ಟಿ ತಿಂದು ಹೋಗಿ ಎನ್ನುತ್ತಾನೆ. ಮಾತಿನಲ್ಲಿ ಒಂದು ತುತ್ತು; ಆದರೆ ಸಾರಾಳಿಗೆ ಹೇಳುವುದು ಮೂರು ಸೆಯಾ ನಯವಾದ ಹಿಟ್ಟನ್ನು ಬೇಗ ನಾದಬೇಕೆಂದು. ಒಂದು ಸೆಯಾ ಅಂದರೆ ಸುಮಾರು ಏಳು ಲೀಟರಿನ ಅಳತೆ. ಮೂರು ಜನರ ಊಟಕ್ಕೆ ಇಪ್ಪತ್ತು ಲೀಟರಿನಷ್ಟು ಹಿಟ್ಟು! ಅದರ ಜೊತೆಗೆ ಒಂದು ಎಳೆಯ ಕರು, ಮೊಸರು, ಹಾಲು. ಎರಡೇ ವಾಕ್ಯಗಳಲ್ಲಿ 'ತ್ವರೆ' ಎಂಬ ಅರ್ಥದ ಪದ ಮೂರು ಸಲ ಬರುತ್ತದೆ. ಹಾಗೆ ಓಡಾಡಿದ ಯಜಮಾನನು ಕೊನೆಗೆ, ಅತಿಥಿಗಳು ಊಟಮಾಡುತ್ತಿರುವಾಗ, ಮರದ ಕೆಳಗೆ ಸುಮ್ಮನೆ ನಿಂತಿರುತ್ತಾನೆ. ಬಂದವರು ಯಾರೆಂದು ಓದುಗನಿಗೆ ಅಧ್ಯಾಯದ ಮೊದಲ ಸಾಲಿನಲ್ಲಿಯೇ ತಿಳಿದಿದೆ, ಅಬ್ರಹಾಮನಿಗೆ ತಿಳಿದಿಲ್ಲ. ಅವನು ಉಪಚರಿಸಿದ್ದು ದಾರಿಹೋಕರನ್ನು. ನೀರಿಲ್ಲದ ನಾಡಿನಲ್ಲಿ ಅಪರಿಚಿತನನ್ನು ಬಿಸಿಲಿಗೆ ಬಿಡುವುದೆಂದರೆ ಸಾಯಲು ಬಿಟ್ಟಂತೆ. ಆದ್ದರಿಂದ ಅತಿಥಿ ಸತ್ಕಾರವೆಂಬುದು ಅಲ್ಲಿ ಸೌಜನ್ಯದ ಅಲಂಕಾರವಲ್ಲ, ಜೀವ ಉಳಿಸುವ ಕಟ್ಟಳೆ.

ಸಾರಾಳು ಗುಡಾರದ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಮುಂದಿನ ವರ್ಷ ಅವಳಿಗೆ ಮಗನಾಗುವನೆಂಬ ಮಾತು ಕಿವಿಗೆ ಬಿದ್ದು, ಒಳಗೊಳಗೇ ನಗುತ್ತಾಳೆ. ಯಾಕೆ ನಕ್ಕಳೆಂದು ಹೊರಗಿನಿಂದ ಪ್ರಶ್ನೆ ಬರುತ್ತದೆ. ನಗಲಿಲ್ಲವೆಂದು ಅವಳು ಹೆದರಿ ಹೇಳಿದರೆ, ಇಲ್ಲ, ನೀನು ನಕ್ಕೆ ಎಂಬ ಉತ್ತರ. ಪ್ರಸಂಗ ಅಲ್ಲಿಗೇ ನಿಲ್ಲುತ್ತದೆ, ಶಿಕ್ಷೆಯಿಲ್ಲ, ಉಪದೇಶವಿಲ್ಲ. ದೇವರೂ ಒಬ್ಬ ಮುದುಕಿಯೂ ನಕ್ಕೆಯೋ ಇಲ್ಲವೋ ಎಂದು ವಾದಿಸುವ ಈ ನಾಲ್ಕು ಸಾಲು ನನಗೆ ಎಷ್ಟೋ ಪ್ರವಾದನೆಗಳಿಗಿಂತ ಪ್ರಿಯವಾದದ್ದು. ಒಂದು ಅಧ್ಯಾಯದ ಹಿಂದೆ ಇದೇ ಸುದ್ದಿ ಕೇಳಿ ಅಬ್ರಹಾಮನೂ ಬೋರಲು ಬಿದ್ದು ನಕ್ಕಿದ್ದನು, ಅವನನ್ನು ಮಾತ್ರ ಯಾರೂ ವಿಚಾರಿಸಲಿಲ್ಲ ಎಂಬುದನ್ನು ಇಲ್ಲಿ ಗುರುತಿಸದೆ ಹೋಗಲಾರೆ. ಹುಟ್ಟಿದ ಮಗುವಿಗೆ ಇಟ್ಟ ಹೆಸರು ಇಸಾಕ, ಅಂದರೆ 'ಅವನು ನಗುತ್ತಾನೆ'. ಅವಿಶ್ವಾಸದ ನಗೆಯನ್ನು ಅಳಿಸಿಹಾಕದೆ, ಆ ಮನೆಯವರು ಅದನ್ನೇ ದಿನವೂ ಕರೆಯುವ ಹೆಸರನ್ನಾಗಿ ಮಾಡಿಕೊಂಡರು.

ಹೆಸರಿಡುವುದು ಆ ಗುಡಾರಗಳಲ್ಲಿ ಹೆಂಗಸರ ಪ್ರಾರ್ಥನೆಯ ಮುಖ್ಯ ರೂಪವಾಗಿತ್ತೆಂದು ನನಗೆ ತೋರುತ್ತದೆ. ಯಜ್ಞವೇದಿ ಕಟ್ಟುವವರೆಲ್ಲ ಗಂಡಸರೇ. ಆದರೆ ಇಸಾಕನ ಮಗ ಯಾಕೋಬನ ಹನ್ನೆರಡು ಗಂಡುಮಕ್ಕಳಲ್ಲಿ ಹನ್ನೊಂದು ಮಂದಿಯ ಹೆಸರುಗಳ ಹಿಂದೆ ಇರುವುದು ತಾಯಂದಿರ ಮಾತು. ಗಂಡನ ಪ್ರೀತಿ ಸಿಗದ ಲೇಯಳು ಮೊದಲನೆಯವನಿಗೆ ರೂಬೇನನೆಂದು ಹೆಸರಿಟ್ಟಳು: ದೇವರು ನನ್ನ ಸಂಕಟವನ್ನು ನೋಡಿದನು. ಎರಡನೆಯವನು ಸಿಮೆಯೋನ: ಕೇಳಿದನು. ಮೂರನೆಯವನು ಲೇವಿ: ಇನ್ನಾದರೂ ಗಂಡನು ನನ್ನನ್ನು ಕೂಡಿಕೊಳ್ಳುವನು. ನಾಲ್ಕನೆಯವನು ಹುಟ್ಟುವಾಗ ಗಂಡನ ಮಾತೇ ಇಲ್ಲ, ಯೆಹೂದನೆಂದರೆ ಸ್ತೋತ್ರ. ಈ ನಾಲ್ಕು ಹೆಸರುಗಳನ್ನು ಸಾಲಾಗಿ ಓದಿದರೆ ಒಬ್ಬ ಹೆಂಡತಿಯ ಹಲವು ವರ್ಷಗಳ ಅಂತರಂಗ ಕಾಣುತ್ತದೆ. ಕುರಿಹಿಂಡನ್ನು ಕೂಡುವ ಸಂಜೆ ಹೊತ್ತಿನಲ್ಲಿ 'ಸಿಮೆಯೋನ' ಎಂದು ಮಗನನ್ನು ಕೂಗಿ ಕರೆದಾಗಲೆಲ್ಲ ಆ ತಾಯಿ ತನ್ನ ಮೊರೆ ಕೇಳಿಸಿತೆಂಬ ಸಾಕ್ಷ್ಯವನ್ನು ಇಡೀ ಪಾಳೆಯಕ್ಕೆ ಕೇಳುವಂತೆ ಹೇಳುತ್ತಿದ್ದಳು. ಪಕ್ಕದ ಗುಡಾರದಲ್ಲಿದ್ದ, ಗಂಡನಿಗೆ ಅಚ್ಚುಮೆಚ್ಚಿನವಳಾದರೂ ಬಹುಕಾಲ ಮಕ್ಕಳಾಗದಿದ್ದ ತಂಗಿ ರಾಹೇಲಳಿಗೂ ಅದು ಕೇಳಿಸುತ್ತಿತ್ತು. ಅವಳು ತನ್ನ ಚೊಚ್ಚಲ ಮಗನಿಗೆ ಇಟ್ಟ ಹೆಸರು ಯೋಸೇಫ, 'ಇನ್ನೊಬ್ಬನನ್ನು ಕೂಡಿಸಲಿ'. ಮಗುವನ್ನು ಎದೆಗವಚಿಕೊಂಡಾಗಲೇ ಮುಂದಿನ ಬೇಡಿಕೆ! ಇದನ್ನು ದುರಾಸೆಯೆನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಇನ್ನೊಬ್ಬನನ್ನು ಹೆರುವಾಗಲೇ ಅವಳು ಎಫ್ರಾತದ ದಾರಿಯಲ್ಲಿ ತೀರಿಹೋದಳು. ಯಾಕೋಬನು ದಾರಿಬದಿಯಲ್ಲಿ ಅವಳ ಸಮಾಧಿಯ ಮೇಲೆ ಒಂದು ಕಲ್ಲುಕಂಬವನ್ನು ನಿಲ್ಲಿಸಿ ಮುಂದಕ್ಕೆ ಹೊರಟನು. ಹಿಂಡು ನಿಂತಲ್ಲಿ ನಿಲ್ಲುವುದಿಲ್ಲ.

ಬೈಬಲಿನಲ್ಲಿ ದೇವರಿಗೇ ಹೆಸರಿಟ್ಟವರಲ್ಲಿ ಮೊದಲಿಗಳು ಸಾರಾಳ ಐಗುಪ್ತದ (ಈಜಿಪ್ಟಿನ) ದಾಸಿ ಹಾಗರಳು. ಅಬ್ರಹಾಮನಿಂದ ಬಸುರಿಯಾಗಿ, ಒಡತಿಯ ಕಾಟ ತಾಳಲಾರದೆ ಮರುಭೂಮಿಗೆ ಓಡಿಹೋಗಿದ್ದ ಅವಳು, ಶೂರಿನ ದಾರಿಯ ನೀರಿನ ಬುಗ್ಗೆಯ ಬಳಿ ತನ್ನೊಡನೆ ಮಾತಾಡಿದ ದೇವರನ್ನು 'ಎಲ್ ರೋಯಿ' ಎಂದು ಕರೆದಳು, 'ನನ್ನನ್ನು ನೋಡುವ ದೇವರು'. ಕೆಲವು ವರ್ಷಗಳ ಮೇಲೆ ಅವಳನ್ನೂ ಅವಳ ಮಗ ಇಷ್ಮಾಯೇಲನನ್ನೂ ಆ ಮನೆ ಹೊರಗೆ ಹಾಕಿತು. ಅಬ್ರಹಾಮನು ಬೆಳಗ್ಗೆ ಎದ್ದು ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಅವಳ ಹೆಗಲ ಮೇಲಿಟ್ಟು ಕಳುಹಿಸಿದನು. ಅವನು ದುಃಖಪಟ್ಟನೆಂದೂ, ದೇವರ ಮಾತಿನ ಮೇಲೆ ಹೀಗೆ ಮಾಡಿದನೆಂದೂ ಗ್ರಂಥ ಹೇಳುತ್ತದೆ, ನಿಜ. ಆದರೂ ಮೂವರು ಅಪರಿಚಿತರಿಗೆ ಮೂರು ಸೆಯಾ ಹಿಟ್ಟು ನಾದಿಸಿದ ಕೈ, ತನ್ನ ಮಗನ ತಾಯಿಗೆ ಅಳೆದು ಕೊಟ್ಟದ್ದು ಒಂದು ತಿತ್ತಿ ನೀರು ಎಂಬುದು ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ಈ ಕುಟುಂಬದ ಭಕ್ತಿಯನ್ನು ಮೆಚ್ಚಿ ಬರೆಯುವವರು ಬಹುಮಟ್ಟಿಗೆ ಈ ಎರಡು ಪುಟಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಓದುವುದಿಲ್ಲ. ಕಥೆ ಹೇಳಿದವರು ಓದಿದ್ದರೆಂದು ತೋರುತ್ತದೆ, ಯಾಕೆಂದರೆ ಅವರು ಇಸಾಕನನ್ನು ಮುಂದೆ ಹಾಗರಳ ಆ ಬಾವಿಯ ಬಳಿಯೇ, ಬೇರ್‌ಲಹೈರೋಯಿಯಲ್ಲಿಯೇ, ವಾಸಕ್ಕೆ ತರುತ್ತಾರೆ. ತಾಯಿ ಹೊರಗೆ ಹಾಕಿಸಿದವಳಿಗೆ ದೇವರು ಕಂಡ ನೀರನ್ನೇ ಮಗ ಕುಡಿದನು.

ಆ ಬಾವಿಯ ಕಡೆಯಿಂದ ಬಂದಿದ್ದ ಇಸಾಕನು ಒಂದು ಸಂಜೆ ಹೊಲದಲ್ಲಿದ್ದನೆಂದು 24ನೆಯ ಅಧ್ಯಾಯ ಹೇಳುತ್ತದೆ. ಅವನು ಅಲ್ಲಿ ಏನು ಮಾಡುತ್ತಿದ್ದನೆಂದು ಹೇಳುವ ಹೀಬ್ರೂ ಪದದ ಅರ್ಥದ ಬಗ್ಗೆ ಒಮ್ಮತವಿಲ್ಲ. ಧ್ಯಾನವೆನ್ನುವವರಿದ್ದಾರೆ, ಸುಮ್ಮನೆ ಅಡ್ಡಾಡುತ್ತಿದ್ದನೆನ್ನುವವರೂ ಇದ್ದಾರೆ. ಯೆಹೂದ್ಯ ಸಂಪ್ರದಾಯವಂತೂ ಮಧ್ಯಾಹ್ನ ಕಳೆದ ಮೇಲಿನ ತನ್ನ ನಿತ್ಯ ಪ್ರಾರ್ಥನೆಯನ್ನು ಇಸಾಕನಿಂದಲೇ ಬಂದದ್ದೆಂದು ಈ ಸಾಲಿನ ಆಧಾರದ ಮೇಲೆ ಹೇಳುತ್ತದೆ. ಧ್ಯಾನವೋ ಅಡ್ಡಾಟವೋ ತಿಳಿಯದಿರುವುದೇ ಆ ಸಂಜೆಗೆ ಒಪ್ಪುತ್ತದೆಂದು ನನ್ನ ಭಾವನೆ. ತಾಯಿ ಸತ್ತ ದುಃಖದಲ್ಲಿದ್ದವನು ಅವನು.

ಅದೇ ಅಧ್ಯಾಯದ ಮೊದಲ ಭಾಗದಲ್ಲಿ ಇನ್ನೊಂದು ಪ್ರಾರ್ಥನೆಯಿದೆ, ಅದನ್ನು ಮಾಡಿದವನ ಹೆಸರನ್ನೂ ಆ ಅಧ್ಯಾಯ ಹೇಳುವುದಿಲ್ಲ. ಅಬ್ರಹಾಮನ ಮನೆಯ ಹಿರಿಯ ಸೇವಕನು ಇಸಾಕನಿಗೆ ಹೆಣ್ಣು ತರಲು ಹತ್ತು ಒಂಟೆಗಳೊಡನೆ ದಣಿಯ ಸೋದರ ನಾಹೋರನ ಊರಿಗೆ ಹೋಗಿ, ಹೆಂಗಸರು ನೀರಿಗೆ ಬರುವ ಸಂಜೆ ಹೊತ್ತಿನಲ್ಲಿ ಬಾವಿಯ ಬಳಿ ನಿಂತು, ತನ್ನ ಮನಸ್ಸಿನಲ್ಲಿಯೇ ದೇವರೊಡನೆ ಮಾತಾಡುತ್ತಾನೆ. ಅವನು ಕೇಳಿದ ಗುರುತು ಗುಡುಗಲ್ಲ, ಕನಸಲ್ಲ. ಕುಡಿಯಲು ನೀರು ಕೊಡು ಎಂದಾಗ, ನಿನ್ನ ಒಂಟೆಗಳಿಗೂ ಸೇದಿ ಹಾಕುತ್ತೇನೆ ಎನ್ನುವ ಹುಡುಗಿಯೇ ಅವಳಾಗಿರಲಿ ಎಂದಷ್ಟೇ. ಬಾಯಾರಿದ ಒಂದು ಒಂಟೆ ಒಂದೇ ಸಲಕ್ಕೆ ಸುಮಾರು 100 ಲೀಟರ್ ನೀರು ಕುಡಿಯಬಲ್ಲದು. ಹತ್ತು ಒಂಟೆಗಳಿಗೆ ನೀರು ಹಾಕುವುದೆಂದರೆ ಕೊಡ ಹೊತ್ತು ಬುಗ್ಗೆಗೆ ಎಷ್ಟು ಸಲ ಇಳಿದು ಹತ್ತಬೇಕೆಂದು ಲೆಕ್ಕ ಹಾಕಿ ನೋಡಿ. ದೇವರ ಗುರುತೂ ಒಳ್ಳೆಯ ಸೊಸೆಯ ಪರೀಕ್ಷೆಯೂ ಒಂದೇ ಆಗುವಂತೆ ಬೇಡಿಕೊಂಡ ಆ ಆಳಿನ ಜಾಣತನಕ್ಕೆ ನಾನು ಪ್ರತಿ ಸಲವೂ ತಲೆದೂಗುತ್ತೇನೆ. ಅವನ ಮಾತು ಮುಗಿಯುವ ಮೊದಲೇ ರೆಬೆಕ್ಕಳು ಕೊಡ ಹೊತ್ತು ಬಂದಳು. ಅವಳಿಗೆ ತಾನು ಒಂದು ಪ್ರಾರ್ಥನೆಯ ಉತ್ತರವೆಂಬುದು ಗೊತ್ತಿರಲಿಲ್ಲ, ಅವಳು ನೀರು ಸೇದುತ್ತಿದ್ದಳು. ಇದೇ ರೆಬೆಕ್ಕಳು ಮುಂದೆ, ಹೊಟ್ಟೆಯಲ್ಲಿ ಅವಳಿಮಕ್ಕಳು ನೂಕಾಡುವಾಗ, ಹೀಗಾದರೆ ನಾನು ಯಾಕೆ ಬದುಕಿರಬೇಕೆಂದು ಕೇಳುತ್ತ ದೇವರನ್ನು ವಿಚಾರಿಸಲು ತಾನೇ ಹೋದಳು.

ಸೇವಕನು ದೇವರನ್ನು ಕರೆದದ್ದು 'ನನ್ನ ದಣಿ ಅಬ್ರಹಾಮನ ದೇವರೇ' ಎಂದು. ಜರ್ಮನ್ ವಿದ್ವಾಂಸ ಆಲ್ಬ್ರೆಕ್ಟ್ ಆಲ್ಟ್ 1929ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಬಗೆಯ ಹೆಸರುಗಳನ್ನೇ ಹಿಡಿದು, ಅಲೆಮಾರಿಗಳ ದೇವರು ಒಂದು ಸ್ಥಳದ ದೇವರಲ್ಲ, ಒಬ್ಬ ವ್ಯಕ್ತಿಯ, ಅವನ ಮನೆತನದ ದೇವರು ಎಂದು ವಾದಿಸಿದರು. ಅವರ ವಾದದ ಎಷ್ಟೋ ಅಂಶಗಳನ್ನು ನಂತರದವರು ಒಪ್ಪಲಿಲ್ಲ. ಆದರೆ ಕಥೆಗಳನ್ನು ಓದುವಾಗ ಆ ಹೆಸರುಗಳು ಹೇಗೆ ಕೆಲಸ ಮಾಡುತ್ತವೆಂಬುದು ಎದ್ದು ಕಾಣುತ್ತದೆ. ಯಾಕೋಬನೂ ಅವನ ಮಾವ ಲಾಬಾನನೂ ಗಿಲ್ಯಾದಿನ ಬೆಟ್ಟದಲ್ಲಿ ಜಗಳ ತೀರಿಸಿಕೊಂಡು ಕಲ್ಲುಗಳ ಗುಡ್ಡೆ ಮಾಡಿ ಅದರ ಮೇಲೆ ಊಟಮಾಡುತ್ತಾರೆ; ಅದಕ್ಕೆ ಒಬ್ಬನು ಅರಾಮ್ಯ ಭಾಷೆಯಲ್ಲಿ, ಇನ್ನೊಬ್ಬನು ಹೀಬ್ರೂವಿನಲ್ಲಿ, 'ಸಾಕ್ಷಿಯ ಗುಡ್ಡೆ' ಎಂಬ ಒಂದೇ ಅರ್ಥದ ಹೆಸರಿಡುತ್ತಾನೆ. ಲಾಬಾನನು ಅಬ್ರಹಾಮನ ದೇವರನ್ನೂ ನಾಹೋರನ ದೇವರನ್ನೂ ಸಾಕ್ಷಿಗೆ ಕರೆದರೆ, ಯಾಕೋಬನು ಆಣೆಯಿಡುವುದು ತನ್ನ ತಂದೆ ಇಸಾಕನು ಭಯಪಡುವಾತನ ಹೆಸರಿನಲ್ಲಿ. ಜಗಳದ ಮೂಲವೂ ದೇವರೇ, ಅಂದರೆ ಲಾಬಾನನ ಮನೆದೇವರುಗಳ ವಿಗ್ರಹಗಳು. ರಾಹೇಲಳು ಅವನ್ನು ಕದ್ದು ತಂದು, ಒಂಟೆಯ ಸಬರದೊಳಗೆ ಇಟ್ಟು, ಅದರ ಮೇಲೆ ಕುಳಿತು, ಹೆಂಗಸರ ಕ್ರಮದಲ್ಲಿರುವುದರಿಂದ ಎದ್ದು ನಿಲ್ಲಲಾರೆನಪ್ಪ ಎಂದು ತಂದೆಗೆ ಹೇಳಿದಳು. ಕಥೆಗಾರನು ಇಲ್ಲಿ ಮುಸಿಮುಸಿ ನಗುತ್ತಿರುವುದು ಕೇಳಿಸುತ್ತದೆ. ಎಂದರೆ, ಒಬ್ಬನೇ ದೇವರ ಕಥೆಯೆಂದು ನಾವು ಓದುವ ಈ ಮನೆಯ ಸಾಮಾನುಗಳೊಳಗೆ ಬೇರೆ ದೇವರುಗಳೂ ಪ್ರಯಾಣ ಮಾಡುತ್ತಿದ್ದವು. ಬೇತೇಲಿಗೆ ಹೊರಡುವ ಮುನ್ನ ಯಾಕೋಬನು ಮನೆಯವರಿಂದ ಅಂಥ ದೇವರುಗಳನ್ನೂ ಕಿವಿಯ ಮುರುಗಳನ್ನೂ ತೆಗೆಸಿಕೊಂಡು ಶೆಕೆಮಿನ ಹತ್ತಿರದ ಮರದ ಬುಡದಲ್ಲಿ ಹೂಳಿದನು. ಒಡೆಯಲಿಲ್ಲ, ಸುಡಲಿಲ್ಲ, ಹೂಳಿದನು.

ಇಸಾಕನ ಪಾಲಿಗೆ ಬಂದದ್ದು ಹೆಚ್ಚಾಗಿ ನೆಲ ಅಗೆಯುವ ಕೆಲಸ. ಅವನ ತಂದೆ ತೋಡಿಸಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಅವನು ಅವನ್ನು ಮತ್ತೆ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟನು. ಗೆರಾರಿನ ಕಣಿವೆಯಲ್ಲಿ ಹೊಸ ಬಾವಿ ಸಿಕ್ಕಿತು. ಅಲ್ಲಿನ ಕುರುಬರು ನೀರು ನಮ್ಮದೆಂದರು. ಅದಕ್ಕೆ ಏಸೆಕ್, ಅಂದರೆ ಜಗಳವೆಂದು ಹೆಸರಿಟ್ಟು ಮುಂದೆ ಹೋದನು. ಎರಡನೆಯದಕ್ಕೂ ತಂಟೆ ಬಂತು, ಅದು ಸಿಟ್ನಾ, ಹಗೆತನ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅದು ರೆಹೋಬೋತ್, ವಿಶಾಲ ಸ್ಥಳ. ಹೋರಾಡದೆ ಬಿಟ್ಟುಕೊಟ್ಟ ಇವನನ್ನು ಅಂಜುಬುರುಕನೆಂದು ನಾನು ಬಹಳ ದಿನ ತಿಳಿದಿದ್ದೆ. ಗಡಸು ನೆಲದಲ್ಲಿ ಒಂದು ಬಾವಿ ತೋಡುವ ಶ್ರಮವನ್ನು ಯೋಚಿಸಿದ ಮೇಲೆ, ಎರಡು ಸಲ ಅದನ್ನು ಬಿಟ್ಟು ಮೂರನೆಯದಕ್ಕೆ ಗುದ್ದಲಿ ಎತ್ತುವುದು ಅಂಜುಬುರುಕನ ಕೆಲಸವಲ್ಲವೆನಿಸಿತು. ಆಮೇಲೆ ಅವನು ಬೇರ್ಷೆಬಕ್ಕೆ ಬಂದದ್ದನ್ನು ಹೇಳುವ ಒಂದೇ ವಚನದಲ್ಲಿ ಎಲ್ಲವೂ ಇದೆ: ಅಲ್ಲಿ ಯಜ್ಞವೇದಿಯನ್ನು ಕಟ್ಟಿ ದೇವರ ಹೆಸರು ಹಿಡಿದು ಆರಾಧಿಸಿದನು, ಗುಡಾರ ಹಾಕಿಸಿದನು, ಆಳುಗಳು ಬಾವಿ ತೋಡಿದರು. ದೇವರು, ಮನೆ, ನೀರು. ನಡುವೆ ಒಂದು ಉಸಿರಿನಷ್ಟೂ ಅಂತರವಿಲ್ಲ.

ಸಾವು ಬಂದಾಗ ಮಾತ್ರ ಅಲೆಮಾರಿಗೆ ನೆಲ ಬೇಕಾಗುತ್ತದೆ. ಸಾರಾಳು 127 ವರ್ಷದವಳಾಗಿ ಹೆಬ್ರೋನಿನಲ್ಲಿ ತೀರಿಕೊಂಡಾಗ, ಇಡೀ ನಾಡಿನ ವಾಗ್ದಾನ ಪಡೆದಿದ್ದ ಅಬ್ರಹಾಮನ ಹತ್ತಿರ ಅವಳನ್ನು ಹೂಳುವಷ್ಟು ಜಾಗವೂ ಇರಲಿಲ್ಲ. ಹಿತ್ತಿಯನಾದ ಎಫ್ರೋನನು ಮೊದಲು ಸುಮ್ಮನೆ ಕೊಡುತ್ತೇನೆಂದು, ಆಮೇಲೆ ನಮ್ಮಿಬ್ಬರೊಳಗೆ 400 ಬೆಳ್ಳಿಯ ಶೆಕೆಲ್ ಏನು ಮಹಾ ಎಂದು, ಮಕ್ಪೇಲದ ಗವಿಯನ್ನೂ ಹೊಲವನ್ನೂ ಆ ಬೆಲೆಗೇ ಮಾರಿದನು. ಮುದುಕನು ಚೌಕಾಸಿ ಮಾಡದೆ ಊರಬಾಗಿಲಲ್ಲಿ ಎಲ್ಲರ ಎದುರಿಗೆ ಬೆಳ್ಳಿಯನ್ನು ತೂಗಿ ಕೊಟ್ಟನು. ಅಷ್ಟು ದೊಡ್ಡ ಅಧ್ಯಾಯದಲ್ಲಿ ದೇವರು ಒಂದು ಮಾತನ್ನೂ ಆಡುವುದಿಲ್ಲ. ಇನ್ನೊಂದು ಸಾವು ಒಂದೇ ಸಾಲಿನದು: ರೆಬೆಕ್ಕಳನ್ನು ಸಾಕಿದ ದಾದಿ ದೆಬೋರಳು ಸತ್ತಳು, ಬೇತೇಲಿನ ಕೆಳಗೆ ಒಂದು ಮರದಡಿ ಅವಳನ್ನು ಹೂಳಿದರು, ಆ ಮರಕ್ಕೆ ಅಲ್ಲೋನ್ ಬಾಕೂತ್, ಗೋಳಾಟದ ಮರವೆಂದು ಹೆಸರಾಯಿತು. ರೆಬೆಕ್ಕಳ ಸಾವನ್ನೇ ಬರೆದಿಡದ ಗ್ರಂಥ ಅವಳ ದಾದಿಗಾಗಿ ಅತ್ತವರ ಮರವನ್ನು ಮರೆಯಲಿಲ್ಲ.

ಯಾಕೋಬನು ತರುಣನಾಗಿದ್ದಾಗ, ಅಣ್ಣನ ಕೋಪಕ್ಕೆ ಹೆದರಿ ಓಡುತ್ತ, ಬೇತೇಲಿನಲ್ಲಿ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿ, ಸ್ವರ್ಗಕ್ಕೆ ಮುಟ್ಟಿದ ಏಣಿಯನ್ನು ಕನಸಿನಲ್ಲಿ ಕಂಡನು. ಬೆಳಗ್ಗೆ ಎದ್ದು ಕಲ್ಲಿಗೆ ಎಣ್ಣೆ ಹೊಯ್ದು ಅವನು ಹೊತ್ತ ಹರಕೆ ನೋಡಿ: ತಿನ್ನಲು ರೊಟ್ಟಿ, ಉಡಲು ಬಟ್ಟೆ, ತಂದೆಯ ಮನೆಗೆ ಸುರಕ್ಷಿತವಾಗಿ ಮರಳುವ ದಾರಿ. ಇಷ್ಟು ಕೊಟ್ಟರೆ ನೀನು ನನ್ನ ದೇವರು, ಬಂದದ್ದರಲ್ಲಿ ಹತ್ತರಲ್ಲೊಂದು ನಿನಗೆ. ಕನಸಿನಲ್ಲಿ ನಾಡನ್ನೇ ಕೊಡುತ್ತೇನೆಂದವನ ಮುಂದೆ ಇವನು ರೊಟ್ಟಿಯ ಮಾತಾಡಿದನು.

ಅವನೇ 130 ವರ್ಷದ ಮುದುಕನಾಗಿ, ಸತ್ತನೆಂದುಕೊಂಡಿದ್ದ ಯೋಸೇಫನನ್ನು ನೋಡಲು ಐಗುಪ್ತಕ್ಕೆ ಹೊರಟಾಗ, ಗಡಿ ದಾಟುವ ಮುನ್ನ ಬೇರ್ಷೆಬದಲ್ಲಿ, ತಂದೆ ವೇದಿ ಕಟ್ಟಿದ್ದ ಊರಿನಲ್ಲಿ, ನಿಂತು ತಂದೆಯ ದೇವರಿಗೆ ಬಲಿಯನ್ನರ್ಪಿಸಿದನು. ರಾತ್ರಿ ಅವನ ಹೆಸರನ್ನು ಎರಡು ಸಲ ಕರೆದ ದೇವರು, ಹೆದರಬೇಡ, ಅಲ್ಲಿ ನಿನ್ನನ್ನು ದೊಡ್ಡ ಜನಾಂಗವಾಗಿ ಮಾಡುತ್ತೇನೆ, ನಾನೂ ನಿನ್ನ ಜೊತೆಗೆ ಬರುತ್ತೇನೆ ಎಂದನು. ಕೊನೆಯ ಮಾತು ಜನಾಂಗದ್ದಲ್ಲ: ನೀನು ಸಾಯುವಾಗ ಯೋಸೇಫನ ಕೈ ನಿನ್ನ ಕಣ್ಣುಗಳನ್ನು ಮುಚ್ಚುವುದು. ಆಮೇಲೆ ಗಂಡುಮಕ್ಕಳು ತಂದೆಯನ್ನೂ ಹೆಂಡಿರನ್ನೂ ಚಿಕ್ಕಮಕ್ಕಳನ್ನೂ ಐಗುಪ್ತದ ಅರಸ ಫರೋಹನು ಕಳುಹಿಸಿದ್ದ ಬಂಡಿಗಳಿಗೆ ಹತ್ತಿಸಿ, ದನಕುರಿಗಳನ್ನು ಹೊಡೆದುಕೊಂಡು ಹೊರಟರು.